ಹೊಸಬರಿಗೆ ಶ್ವಾನ ಅಜಿಲಿಟಿ: ದಾವಣಗೆರೆಯ ಒಂದು ತರಬೇತಿ ಮೈದಾನದ ವಿಮರ್ಶೆ

ದಾವಣಗೆರೆಯವರಿಗೆ ನಾಯಿಯ ತರಬೇತಿ ಎಂದೊಡನೆ ಪೊಲೀಸ್ ಶ್ವಾನದಳ ನೆನಪಾಗುವುದು ಸಹಜ. 2020ರಲ್ಲಿ ಇಲ್ಲಿನ ದಳದ ತುಂಗಾ ಎಂಬ ಡಾಬರ್‌ಮನ್ ಸುಮಾರು 12 ಕಿಲೋಮೀಟರ್ ದೂರ ವಾಸನೆಯ ಜಾಡು ಹಿಡಿದು ಓಡಿ, ಕೊಲೆ ಪ್ರಕರಣವೊಂದರ ಆರೋಪಿಯ ಪತ್ತೆಗೆ ನೆರವಾದ ಸಂಗತಿಯನ್ನು ಜಿಲ್ಲೆಯ ಜನ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಮನೆಯಲ್ಲಿ ಸಾಕಿದ ಸಾಧಾರಣ ನಾಯಿಯೊಂದನ್ನು ಚೈನು ಬಿಚ್ಚಿ, ಕಂಬಿ ಹಾರಿಸಿ, ಸುರಂಗ ನುಗ್ಗಿಸಿ, ಕೋಲುಗಳ ನಡುವೆ ಹಾವಿನಂತೆ ಸುಳಿಸಿ, ಕಡಿಮೆ ತಪ್ಪು ಮತ್ತು ಕಡಿಮೆ ಸಮಯದಲ್ಲಿ ಗುರಿ ಮುಟ್ಟಿಸುವ ಅಜಿಲಿಟಿ ಎಂಬ ಆಟವನ್ನು ನಮ್ಮ ಊರಿನಲ್ಲಿಯೂ ಕಲಿಸುತ್ತಾರೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಹದಡಿ ರಸ್ತೆಯ ಕಡೆ, ನಗರ ಮುಗಿದು ಹೊಲಗಳು ಶುರುವಾಗುವಲ್ಲಿ, ಫಲಕವಿಲ್ಲದ ಒಂದು ಖಾಸಗಿ ಮೈದಾನದಲ್ಲಿ ಈ ತರಗತಿ ನಡೆಯುತ್ತದೆ. ಪಶುವೈದ್ಯರ ಬಳಿ ಲಸಿಕೆಗೆ ಬಂದವರು ಒಬ್ಬರಿಗೊಬ್ಬರು ಹೇಳಿ ಹಬ್ಬಿದ ಸುದ್ದಿಯಿಂದಲೇ ಅಲ್ಲಿಗೆ ಜನ ಸೇರುತ್ತಾರೆ. ಹೊಸಬರ ತಂಡದಲ್ಲಿ ನಮ್ಮ ನಾಯಿ ಚಿಕ್ಕಿಯೊಂದಿಗೆ ಒಂದು ಹಂಗಾಮು ಪೂರ್ತಿ ಕಲಿತು, ಅವರೇ ಏರ್ಪಡಿಸಿದ ಸಣ್ಣ ಸ್ಪರ್ಧೆಯಲ್ಲಿಯೂ ಓಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಈ ತರಗತಿಯನ್ನು ನಾನು ಮೆಚ್ಚಲು ಮುಖ್ಯ ಕಾರಣವೆಂದರೆ, ಇಲ್ಲಿ ಆರಂಭದ ವಾರಗಳಲ್ಲಿ ನಾಯಿಯನ್ನು ಯಾವ ಸಲಕರಣೆಯ ಹತ್ತಿರವೂ ಬಿಡುವುದಿಲ್ಲ. ಸೇರುವ ದಿನವೇ ರೇಬಿಸ್ ಲಸಿಕೆಯ ಪ್ರಮಾಣಪತ್ರವನ್ನು ಕೇಳುತ್ತಾರೆ, ವಯಸ್ಸನ್ನು ಬರೆದುಕೊಳ್ಳುತ್ತಾರೆ, ಬಳಿಕ ತರಬೇತಿದಾರರು ತಾವೇ ಕುಳಿತು ನಾಯಿಯ ಪಕ್ಕೆಗಳ ಮೇಲೆ ಕೈಯಾಡಿಸಿ ನೋಡುತ್ತಾರೆ. ಹೆಚ್ಚು ಒತ್ತದೆಯೇ ಪಕ್ಕೆಲುಬುಗಳು ಬೆರಳಿಗೆ ಸಿಗಬೇಕು. ಸಿಗದಿದ್ದರೆ ಮೈಭಾರ ಹೆಚ್ಚಿದೆ ಎಂದರ್ಥ, ಆ ಭಾರವನ್ನು ಹೊತ್ತು ಹಾರಿದ ನಾಯಿಯ ಭುಜ ಮತ್ತು ಸೊಂಟದ ಕೀಲುಗಳೇ ಅದರ ಪೆಟ್ಟು ತಿನ್ನುತ್ತವೆ. ನಮ್ಮ ತಂಡದಲ್ಲಿದ್ದ ಒಂದು ಲ್ಯಾಬ್ರಡಾರ್, ಮನೆಯವರು ಉಣ್ಣುವಾಗೆಲ್ಲ ಒಂದೊಂದು ತುತ್ತು ತಿಂದು ಚೆನ್ನಾಗಿ ಮೈ ತುಂಬಿಕೊಂಡಿತ್ತು. ಅದನ್ನು ಕರೆತಂದವರಿಗೆ, ತೂಕ ಇಳಿಯುವ ತನಕ ದಿನವೂ ನಡೆಸಿರಿ, ಕಂಬಿಯ ಮಾತು ಆಮೇಲೆ ಎಂದು ನೇರವಾಗಿ ಹೇಳಿದರು. ಶುಲ್ಕ ಕಟ್ಟಿ ಬಂದವರಿಗೆ ಹೀಗೆ ಹೇಳುವ ಧೈರ್ಯ ಎಲ್ಲ ತರಬೇತಿದಾರರಿಗೂ ಇರುವುದಿಲ್ಲ.

ವಯಸ್ಸಿನ ವಿಷಯದಲ್ಲಿಯೂ ಅವರ ನಿಲುವು ಅಷ್ಟೇ ಬಿಗಿಯಾದುದು. ಮರಿಯ ಮೂಳೆಗಳು ತುದಿಯಲ್ಲಿರುವ ಮೃದುವಾದ ಬೆಳವಣಿಗೆಯ ಭಾಗದಿಂದ ಉದ್ದವಾಗುತ್ತವೆ. ಸಣ್ಣ ತಳಿಗಳಲ್ಲಿ ಬೇಗ, ದೊಡ್ಡ ತಳಿಗಳಲ್ಲಿ ಒಂದು ವರ್ಷ ದಾಟಿದ ಮೇಲೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲೇ ಪದೇ ಪದೇ ಎತ್ತರದಿಂದ ಹಾರಿಸಿದರೆ ಕಾಲು ಜೀವನಪೂರ್ತಿ ಸೊಟ್ಟಗಾಗುವ ಅಪಾಯವಿದೆ. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಕೂಡ 18 ತಿಂಗಳು ತುಂಬದ ನಾಯಿಯನ್ನು ಅಧಿಕೃತ ಸ್ಪರ್ಧೆಗೆ ಬಿಡುವುದಿಲ್ಲ. ಇಲ್ಲಿ ಒಂದು ವರ್ಷದೊಳಗಿನ ಮರಿಗಳಿಗೆ ಕಂಬಿಯನ್ನು ನೆಲದ ಮೇಲೆ ಮಲಗಿಸಿಯೇ ಇಡುತ್ತಾರೆ. ಮರಿ ಅದನ್ನು ದಾಟಿಕೊಂಡು ಹೋಗುವುದನ್ನು ಕಲಿಯುತ್ತದೆಯೇ ಹೊರತು ಹಾರುವುದನ್ನಲ್ಲ. ಅಂತರಜಾಲದಲ್ಲಿ ನಾಲ್ಕೈದು ತಿಂಗಳ ಜರ್ಮನ್ ಶೆಫರ್ಡ್ ಮರಿಗಳನ್ನು ಸೊಂಟದೆತ್ತರದ ಗೋಡೆ ಹಾರಿಸಿ ಚಪ್ಪಾಳೆ ತಟ್ಟುವ ವಿಡಿಯೊಗಳನ್ನು ಕಂಡು ಸಂಕಟಪಟ್ಟವರಿಗೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಸಲಕರಣೆಗಳಿಂದ ದೂರವಿಟ್ಟ ಆ ವಾರಗಳಲ್ಲಿ ಪಾಠ ನಡೆಯುವುದು ಮುಖ್ಯವಾಗಿ ಮನುಷ್ಯರಿಗೆ. ಅಜಿಲಿಟಿಯಲ್ಲಿ ನಾಯಿ ಮುಂದೆ ಯಾವ ತಡೆಯ ಕಡೆಗೆ ಹೋಗಬೇಕೆಂಬುದನ್ನು ತನ್ನಷ್ಟಕ್ಕೆ ಅರಿಯಲಾರದು, ಏಕೆಂದರೆ ಪ್ರತಿ ಸ್ಪರ್ಧೆಯಲ್ಲಿಯೂ ತಡೆಗಳನ್ನು ಹೊಸ ಕ್ರಮದಲ್ಲಿ ಇಟ್ಟಿರುತ್ತಾರೆ. ಓಡಿಸುವವರು ಜೊತೆಯಲ್ಲಿ ಓಡುತ್ತಲೇ ದಾರಿ ತೋರಬೇಕು. ಮುಟ್ಟುವಂತಿಲ್ಲ, ಸ್ಪರ್ಧೆಯ ಕಣದಲ್ಲಿ ತಿನಿಸನ್ನಾಗಲಿ ಆಟಿಕೆಯನ್ನಾಗಲಿ ಕೈಯಲ್ಲಿ ಹಿಡಿಯುವಂತಿಲ್ಲ. ಹೀಗಿರುವಾಗ ನಾಯಿ ಬಾಯಿಮಾತಿಗಿಂತ ನಮ್ಮ ಪಾದದ ದಿಕ್ಕನ್ನು, ಭುಜದ ತಿರುವನ್ನು, ಓಟದ ವೇಗವನ್ನು ನೋಡಿಯೇ ಹೆಚ್ಚಾಗಿ ನಿರ್ಧರಿಸುತ್ತದೆ. ನಮ್ಮ ಜೊತೆ ಕಲಿಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಬಲಕ್ಕೆ ಕೈ ತೋರುತ್ತ, ಎಡಕ್ಕೆ ಮೈ ತಿರುಗಿಸಿ ಓಡಿದಾಗ ತರಬೇತಿದಾರರು ಅವಳನ್ನು ನಿಲ್ಲಿಸಿ, "ತಂಗೀ, ಅದು ನಿನ್ನ ಭುಜ ನೋಡ್ತೈತಿ, ಬಾಯಿ ನೋಡಂಗಿಲ್ಲ. ನೀ ಎತ್ತಾಗ ತಿರುಗ್ತೀಯೋ ಅದೂ ಅತ್ತಾಗ" ಎಂದು ತಿಳಿಹೇಳಿದರು. ಅವಳಿಗೆ ಹೇಳಿದ ಆ ಮಾತು ನಮಗೆಲ್ಲರಿಗೂ ಸಾಕಾಯಿತು. ನಾಯಿಗೆ ಎದುರಾಗಿ ತಿರುಗಿ ಪಕ್ಕ ಬದಲಿಸುವ ಫ್ರಂಟ್ ಕ್ರಾಸ್, ನಾಯಿಯ ಬೆನ್ನ ಹಿಂದಿನಿಂದ ದಾಟುವ ರಿಯರ್ ಕ್ರಾಸ್ ಇವೆರಡನ್ನೂ ನಾಯಿಯಿಲ್ಲದೆ, ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ನಮ್ಮ ಕಾಲುಗಳಿಗೆ ಅಭ್ಯಾಸವಾಗುವವರೆಗೂ ಮಾಡಿಸಿದರು. ಇದರ ಫಲ ಮುಂದೆ ಸ್ಪಷ್ಟವಾಗಿ ಕಂಡಿತು: ತಿರುವುಗಳಲ್ಲಿ ನಾಯಿಗಳು ಗೊಂದಲದಿಂದ ಬೊಗಳುವುದು, ನಮ್ಮ ಕಾಲಿಗೆ ಎಡತಾಕುವುದು ನಮ್ಮ ತಂಡದಲ್ಲಿ ಬಹಳ ಕಡಿಮೆಯಿತ್ತು.

ನಾಯಿ ಹೆದರಿ ಹಿಂಜರಿದಾಗ ಏನು ಮಾಡುತ್ತಾರೆ ಎಂಬುದನ್ನು ನೋಡಿದರೆ ಒಂದು ತರಗತಿಯ ಗುಣ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ. ಸುರಂಗದ ವ್ಯಾಸ ಸುಮಾರು 60 ಸೆಂಟಿಮೀಟರ್, ಪೂರ್ತಿ ಹಿಗ್ಗಿಸಿದಾಗ ಹಲವು ಮೀಟರ್ ಉದ್ದ. ಬೀದಿಯಲ್ಲಿ ಹುಟ್ಟಿ, ಚರಂಡಿಯ ಬಳಿಯಿಂದ ನಮ್ಮ ಮನೆಗೆ ಬಂದ ಚಿಕ್ಕಿ ಆ ಕತ್ತಲೆಯ ಬಾಯಿಯನ್ನು ಕಂಡು ಬಾಲ ಮುದುರಿ ಕುಳಿತಳು. ಅವಳನ್ನು ಯಾರೂ ಎಳೆಯಲಿಲ್ಲ, ದೂಡಲಿಲ್ಲ. ತರಬೇತಿದಾರರು ಸುರಂಗವನ್ನು ಒತ್ತಿ ಒಂದು ಮೊಳದಷ್ಟಕ್ಕೆ ಕುಗ್ಗಿಸಿ, ಆಚೆ ಬದಿಯಲ್ಲಿ ನನ್ನನ್ನು ಕೂರಿಸಿ, ಅವಳೇ ಇಣುಕಿ ನೋಡುವವರೆಗೂ ಕಾದರು. ಇಣುಕಿದ್ದಕ್ಕೆ ಒಂದು ತುಣುಕು ತಿನಿಸು, ಒಂದು ಕಾಲು ಒಳಗಿಟ್ಟರೆ ಇನ್ನೊಂದು. ಉದ್ದವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದಂತೆ ಅವಳ ಭಯ ಕರಗಿತು; ಈಗ ಮೈದಾನಕ್ಕೆ ಕಾಲಿಟ್ಟ ಕೂಡಲೇ ಅವಳು ಎಳೆಯುವುದು ಸುರಂಗದ ಕಡೆಗೇ. ಸುರಂಗದ ಎರಡೂ ಬದಿಗೆ ಮರಳು ತುಂಬಿದ ಚೀಲಗಳನ್ನು ಬಿಗಿಯಾಗಿ ಕಟ್ಟಿದ್ದಾರೆ ಎಂಬುದನ್ನೂ ಹೇಳಬೇಕು. ವೇಗವಾಗಿ ನುಗ್ಗಿದ ನಾಯಿಯೊಡನೆ ಸುರಂಗ ಉರುಳಿದರೆ ಅದು ಮತ್ತೆ ಅದರ ಹತ್ತಿರ ಸುಳಿಯದು.

ತಿನಿಸಿನ ಬಗ್ಗೆ ಅವರು ಕೊಟ್ಟ ಸಲಹೆ ನಮ್ಮ ಊರಿಗೆ ತೀರಾ ಅಗತ್ಯವಾದದ್ದು. ಕೆಲವರು ಮನೆಯಲ್ಲಿದ್ದ ಮಂಡಕ್ಕಿಯನ್ನೇ ತಂದಿದ್ದರು. ಖಾಲಿ ಮಂಡಕ್ಕಿಯಿಂದ ಹಾನಿಯಿಲ್ಲದಿದ್ದರೂ ಅದು ಗಾಳಿಗೆ ಹಾರಿ ಹುಲ್ಲಿನಲ್ಲಿ ಚೆದುರುತ್ತದೆ, ನಾಯಿ ಓಟ ಬಿಟ್ಟು ನೆಲ ಮೂಸತೊಡಗುತ್ತದೆ. ಈರುಳ್ಳಿ ಬೆರೆತ ಮಂಡಕ್ಕಿಯಂತೂ ಬೇಡವೇ ಬೇಡ, ಏಕೆಂದರೆ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕೇಡು. ಬೇಯಿಸಿದ ಕೋಳಿ ಮಾಂಸವನ್ನೋ ಪನೀರನ್ನೋ ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ತರಲು ಹೇಳಿದರು.

ನೆಲದ ವಿಷಯಕ್ಕೆ ಬಂದರೆ ಹೊಗಳಿಕೆಯೂ ದೂರೂ ಎರಡೂ ಇವೆ. ದಾವಣಗೆರೆ ಸುತ್ತಲಿನ ಎರೆಮಣ್ಣು ಮಳೆ ಬಿದ್ದರೆ ಪಾದಕ್ಕೆ ಅಂಟಿ ಜಾರುತ್ತದೆ, ಬಿಸಿಲಿಗೆ ಒಣಗಿದರೆ ಬೆರಳು ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಹಾರಿ ಇಳಿಯುವ ನಾಯಿಯ ಮುಂಗಾಲು ಅಂಥ ಬಿರುಕಿಗೆ ಸಿಕ್ಕಿದರೆ ಉಗುರು ಕಿತ್ತುಬರಬಹುದು, ಮಣಿಕಟ್ಟು ಮುರಿಯಲೂಬಹುದು. ಇದನ್ನು ತಿಳಿದೇ ಮೈದಾನದ ಅರ್ಧ ಭಾಗಕ್ಕೆ ಕೆಮ್ಮಣ್ಣು ಹೊಡೆಸಿ, ಹದಮಾಡಿ, ಗರಿಕೆ ಬೆಳೆಸಿದ್ದಾರೆ. ಆ ಭಾಗದಲ್ಲಿ ಓಡುವುದು ನಾಯಿಗೂ ಹಿತ, ನಮಗೂ ಹಿತ. ಆದರೆ ಉಳಿದರ್ಧ ಇನ್ನೂ ಎರೆಮಣ್ಣಾಗಿಯೇ ಇದೆ, ಮತ್ತು ಮುಂದುವರಿದ ತಂಡದ ಕಂಬಿಗಳಲ್ಲಿ ಕೆಲವನ್ನು ಅಲ್ಲಿಯೇ ನಿಲ್ಲಿಸಿದ್ದಾರೆ. ಹೊಸಬರನ್ನು ಅತ್ತ ಕಳಿಸುವುದಿಲ್ಲವಾದರೂ ಆ ಭಾಗವನ್ನು ಸರಿಪಡಿಸುವವರೆಗೆ ಯಾವ ನಾಯಿಯನ್ನೂ ಅಲ್ಲಿ ಹಾರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಚಿನ ಹುಲ್ಲನ್ನು ಇನ್ನಷ್ಟು ಗಿಡ್ಡ ಕತ್ತರಿಸಿದರೆ ರಕ್ತ ಹೀರುವ ಉಣ್ಣೆಗಳ ಕಾಟವೂ ತಗ್ಗುತ್ತದೆ. ಮನೆಗೆ ಹೋದ ಮೇಲೆ ಕಿವಿಯ ಒಳಮೈ ಮತ್ತು ಬೆರಳುಗಳ ಸಂದಿಯನ್ನು ನೋಡದೆ ಬಿಡಬೇಡಿ, ಉಣ್ಣೆಜ್ವರ ನಮ್ಮ ಭಾಗದ ನಾಯಿಗಳನ್ನು ಬಹಳವಾಗಿ ಕಾಡುವ ಕಾಯಿಲೆ.

ಸಲಕರಣೆಗಳಲ್ಲಿ ಹಾರುವ ಕಂಬಿಗಳು ಚೆನ್ನಾಗಿವೆ. ಪಿವಿಸಿ ಪೈಪಿನಿಂದ ಮಾಡಿದ ಹಗುರವಾದ ಕಂಬಿ, ತಾಗಿದ ಕೂಡಲೇ ಬೀಳುವಂತೆ ಎರಡು ಬದಿಯ ಬಟ್ಟಲಿನಂಥ ಆಧಾರಗಳ ಮೇಲೆ ಕೂತಿರುತ್ತದೆ. ಗಟ್ಟಿಯಾಗಿ ಬಿಗಿದ ಕಂಬಿಯಷ್ಟು ಅಪಾಯಕಾರಿಯಾದದ್ದು ಬೇರೆ ಇಲ್ಲ. ಬಣ್ಣದ ಆಯ್ಕೆ ಮಾತ್ರ ನಾಯಿಯ ಕಣ್ಣಿಗೆ ಹೊಂದುವುದಿಲ್ಲ. ನಾಯಿಗಳಿಗೆ ಹಳದಿ ಮತ್ತು ನೀಲಿ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರು ಹಾಗೆ ಕಾಣುವುದಿಲ್ಲ. ಇಲ್ಲಿಯೋ ಹಸಿರು ಗರಿಕೆಯ ಮೇಲೆ ಕೆಂಪು ಕಂಬಿ. ನಮ್ಮ ಕಣ್ಣಿಗೆ ಎದ್ದು ಕಾಣುವ ಆ ಕೆಂಪು ನಾಯಿಗೆ ಮಂಕಾದ ಕಂದುಬಣ್ಣವಾಗಿ ಹುಲ್ಲಿನಲ್ಲಿ ಬೆರೆತುಹೋಗುತ್ತದೆ. ಒಂದು ಡಬ್ಬಿ ಹಳದಿ ಬಣ್ಣದಿಂದ ಪರಿಹಾರವಾಗುವ ಕೊರತೆಯಿದು.

ಎರಡು ಹಲಗೆಗಳನ್ನು ಮೇಲ್ತುದಿಯಲ್ಲಿ ಜೋಡಿಸಿ ನಿಲ್ಲಿಸಿದ, ನಾಯಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಎ-ಫ್ರೇಮ್ ಬಗ್ಗೆ ನನಗೆ ತೃಪ್ತಿಯಿದೆ. ಸ್ಪರ್ಧೆಯಲ್ಲಿ ಅದರ ತುದಿ 1.70 ಮೀಟರ್ ಎತ್ತರದಲ್ಲಿರುತ್ತದೆ, ಆದರೆ ಇಲ್ಲಿ ಹೊಸ ನಾಯಿಗಳಿಗೆ ಸರಪಳಿ ಸಡಿಲಿಸಿ ಅದನ್ನು ಬಹುತೇಕ ಚಪ್ಪಟೆಯಾಗಿಸಿ ಶುರುಮಾಡಿಸುತ್ತಾರೆ. ಬಣ್ಣದ ಜೊತೆ ಸಣ್ಣ ಮರಳು ಬೆರೆಸಿ ಬಳಿದಿರುವುದರಿಂದ ಪಾದ ಜಾರುವುದಿಲ್ಲ. ಏರುವ ಮತ್ತು ಇಳಿಯುವ ಕಡೆ ಬೇರೆ ಬಣ್ಣದಲ್ಲಿ ಗುರುತಿಸಿದ ಪಟ್ಟಿಯುಂಟು. ಇಳಿಯುವಾಗ ನಾಯಿ ಒಂದು ಪಾದವನ್ನಾದರೂ ಆ ಪಟ್ಟಿಯ ಮೇಲೆ ಇಡಲೇಬೇಕು. ಮೇಲಿನಿಂದಲೇ ನೆಗೆದು ಭುಜ ಮುರಿದುಕೊಳ್ಳದಿರಲಿ ಎಂದು ಮಾಡಿದ ನಿಯಮವಿದು ಎಂಬುದನ್ನು ವಿವರಿಸಿಯೇ ಕಲಿಸಿದರು.

ವೀವ್ ಪೋಲ್ ಎನ್ನುವ ಕೋಲುಗಳ ಸಾಲು ಮತ್ತು ನಡುವಿನ ಆಧಾರದ ಮೇಲೆ ಏರಿಳಿಯುವ ಸೀಸಾ ಎಂಬ ಹಲಗೆ, ಇವೆರಡರ ಬಗ್ಗೆ ನನ್ನ ಆಕ್ಷೇಪ ಗಂಭೀರವಾದದ್ದು. ಸ್ಪರ್ಧೆಯಲ್ಲಿ 12 ಕೋಲುಗಳಿರುತ್ತವೆ, ಎರಡು ಕೋಲುಗಳ ನಡುವೆ 60 ಸೆಂಟಿಮೀಟರ್ ಅಂತರ, ಮೊದಲ ಕೋಲು ನಾಯಿಯ ಎಡ ಭುಜಕ್ಕೆ ಬರುವಂತೆ ಒಳಹೊಗಬೇಕು. ಇಲ್ಲಿನ ಸಾಲನ್ನು ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ಟೇಪು ಹಿಡಿದು ಅಳೆದಾಗ ಅಂತರ 50 ಸೆಂಟಿಮೀಟರಿನಷ್ಟೇ ಇತ್ತು. ಚಿಕ್ಕ ನಾಯಿಗಳಿಗೆ ಇದರಿಂದ ತೊಂದರೆಯಿಲ್ಲ. ಉದ್ದ ಬೆನ್ನಿನ ನಾಯಿಗಳು ಮಾತ್ರ ಪ್ರತಿ ಸಲವೂ ಬೇಕಾದುದಕ್ಕಿಂತ ಹೆಚ್ಚು ಮೈ ಬಾಗಿಸಬೇಕಾಗುತ್ತದೆ, ಜೊತೆಗೆ ಇಲ್ಲಿ ರೂಢಿಸಿಕೊಂಡ ಹೆಜ್ಜೆಯ ಲಯ ಮುಂದೆ ನಿಜವಾದ ಕಣದಲ್ಲಿ ತಪ್ಪುತ್ತದೆ. ನಮ್ಮ ತಂಡದ ಮುಧೋಳ ನಾಯಿಯ ಕಷ್ಟ ನೋಡಲಾಗುತ್ತಿರಲಿಲ್ಲ. ಬಯಲಿನಲ್ಲಿ ಬೇಟೆಯನ್ನು ಕಣ್ಣಿಂದ ಹಿಡಿದು ಅಟ್ಟಿಕೊಂಡು ಹೋಗಲೆಂದೇ ಬೆಳೆದ ತಳಿ ಅದು. ನೇರ ಓಟದಲ್ಲಿ ಅದರ ಹತ್ತಿರ ಬರುವವರಿಲ್ಲ, ಆದರೆ ಆ ಇಕ್ಕಟ್ಟಿನ ಸಾಲಿನಲ್ಲಿ ಪಾಪ ಅದರ ಸೊಂಟ ಕೋಲಿಗೆ ಬಡಿಯುತ್ತಲೇ ಇತ್ತು. ಸಾಲಿನ ಬುಡದಲ್ಲಿ ಅಡ್ಡಲಾಗಿ ಚಾಚಿದ ಕಬ್ಬಿಣದ ಕಾಲುಗಳೂ ನಾಯಿ ಹೆಜ್ಜೆಯಿಡುವ ಜಾಗಕ್ಕೇ ಬರುತ್ತವೆ. ಕಲಿಸುವ ಕ್ರಮದಲ್ಲಿ ಕೊರತೆಯಿಲ್ಲ: ಕೋಲುಗಳನ್ನು ಮೊದಲು ಎರಡು ಸಾಲಾಗಿ ಅಗಲಿಸಿ, ನಡುವಿನ ಓಣಿಯಲ್ಲಿ ನೇರವಾಗಿ ಓಡಿಸಿ, ದಿನಗಳೆದಂತೆ ಓಣಿಯನ್ನು ಕಿರಿದು ಮಾಡುತ್ತ ಬರುವ ಅವರ ತಾಳ್ಮೆ ದೊಡ್ಡದು. ಆದ್ದರಿಂದಲೇ ಸಲಕರಣೆಯ ಈ ದೋಷ ಹೆಚ್ಚು ನೋವು ತರುತ್ತದೆ.

ಸೀಸಾ ಇನ್ನೂ ಕೆಟ್ಟದ್ದು. ನಿಯಮದ ಪ್ರಕಾರ ಇಳಿಯುವ ತುದಿಯ ಪಟ್ಟಿಯ ನಡುವೆ 1 ಕಿಲೋ ತೂಕ ಇಟ್ಟರೆ ಹಲಗೆ ಎರಡು ಮೂರು ಸೆಕೆಂಡುಗಳಲ್ಲಿ ನೆಲ ಮುಟ್ಟುವ ಹಾಗೆ ಅದನ್ನು ಸರಿದೂಗಿಸಿರಬೇಕು. ಇಲ್ಲಿನ ಹಲಗೆ ಭಾರವಾದ ಮರದ್ದು, ನಡು ದಾಟಿದ ಕೂಡಲೇ ಧಡ್ಡೆಂದು ಬೀಳುತ್ತದೆ. ಸೀಸಾದಲ್ಲಿ ನಾಯಿಗಳು ಬೆದರುವುದು ಹೆಚ್ಚಾಗಿ ಆ ಸದ್ದಿಗೆ ಮತ್ತು ಕಾಲಡಿಯ ಹಲಗೆ ಕುಸಿಯುವುದಕ್ಕೆ. ತುದಿಯ ಕೆಳಗೆ ಹಳೆಯ ಟಯರ್ ಇಟ್ಟು ಸದ್ದು ತಗ್ಗಿಸಿದ್ದಾರೆ, ಅದಷ್ಟೇ ಸಾಲದು.

ಬೇಸಿಗೆಯ ವಿಷಯದಲ್ಲಿ ಇವರ ಶಿಸ್ತನ್ನು ಮೆಚ್ಚಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಒಳಗಿನ ಕಾವನ್ನು ಹೊರಹಾಕಬೇಕು. ಅದರ ಸಹಜ ಮೈಕಾವು ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ದಾವಣಗೆರೆಯ ಏಪ್ರಿಲ್ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ತರಗತಿ ಬೆಳಗಿನ ಜಾವವೇ ಶುರುವಾಗಿ ಬಿಸಿಲೇರುವ ಮೊದಲು ಮುಗಿಯುತ್ತದೆ, ಹೊಂಗೆ ಮರಗಳ ನೆರಳಿನಲ್ಲಿ ನೀರಿನ ತೊಟ್ಟಿಗಳಿವೆ, ಮಾರ್ಚ್ ನಡುವಿನಿಂದ ಮುಂಗಾರು ಬರುವವರೆಗೆ ಓಟವನ್ನೇ ನಿಲ್ಲಿಸಿ ಬರೀ ನಿಲ್ಲುವುದು, ಕಾಯುವುದು, ಕರೆದರೆ ಬರುವುದು ಇಷ್ಟನ್ನೇ ಮಾಡಿಸುತ್ತಾರೆ. ಪಗ್ಗಿನಂಥ ಮೊಂಡು ಮೂಗಿನ ನಾಯಿಗಳನ್ನು ಚಳಿಗಾಲದಲ್ಲಿ ಮಾತ್ರ ಸೇರಿಸಿಕೊಳ್ಳುತ್ತಾರೆ.

ಇಂಥ ಶಿಸ್ತಿನವರೇ ಸ್ಪರ್ಧೆಯ ದಿನ ಅದನ್ನು ಕೈಬಿಟ್ಟದ್ದು ನನಗೆ ತೀರಾ ಬೇಸರ ತಂದಿತು. ಬೆಳಿಗ್ಗೆಯೇ ಆರಂಭವಾಗಬೇಕಿದ್ದ ಓಟವನ್ನು ಮುಖ್ಯ ಅತಿಥಿಗಳು ಬರಲೆಂದು ತಡಮಾಡಿ, ಬಿಸಿಲು ಚುರುಗುಟ್ಟತೊಡಗಿದ ಮೇಲೆ ನಡೆಸಿದರು. ನಾಯಿಗಳು ಅಷ್ಟು ಹೊತ್ತು ಗುಂಪಿನಲ್ಲಿ ಕಾದು ಕಾದು, ಬೊಗಳಿ ದಣಿದಿದ್ದವು. ಶಾಲು ಹೊದಿಸುವುದನ್ನು ಓಟ ಮುಗಿದ ಮೇಲೆ ಇಟ್ಟುಕೊಂಡಿದ್ದರೆ ಯಾರಿಗೂ ಅಗೌರವವಾಗುತ್ತಿರಲಿಲ್ಲ.

ಸ್ಪರ್ಧೆಯ ಏರ್ಪಾಟು ಮಾತ್ರ ಹೊಸಬರಿಗೆ ತಕ್ಕದ್ದಾಗಿತ್ತು. ಕಂಬಿ ಮತ್ತು ಸುರಂಗಗಳನ್ನಷ್ಟೇ ಇಟ್ಟು, ಹತ್ತುವ ತಡೆಗಳನ್ನು ಬಿಟ್ಟಿದ್ದರು. ಭುಜದ ಬಳಿ ಅಳತೆ ತೆಗೆದು ನಾಯಿಗಳನ್ನು ಗುಂಪು ಮಾಡಿದರು. ಎಫ್‌ಸಿಐ 2023ರಿಂದ ಸಣ್ಣ, ಮಧ್ಯಮ, ದೊಡ್ಡ ವರ್ಗಗಳ ಜೊತೆಗೆ ಇಂಟರ್‌ಮೀಡಿಯೆಟ್ ಎಂಬ ನಾಲ್ಕನೆಯ ವರ್ಗವನ್ನೂ ಸೇರಿಸಿದೆ. ನಮ್ಮ ಚಿಕ್ಕಿಯ ಎತ್ತರ ಆ ವರ್ಗಕ್ಕೆ ಬರುತ್ತದೆ. ಅಲ್ಲಿ ನಿಗದಿಯಾದ ಎತ್ತರಕ್ಕಿಂತ ಬಹಳ ಕೆಳಗೆ ಕಂಬಿ ಇಟ್ಟದ್ದು ಸರಿಯಾದ ನಿರ್ಧಾರ. ಓಟಕ್ಕೆ ಮೊದಲು ನಾಯಿಗಳಿಲ್ಲದೆ ನಮ್ಮನ್ನು ಕಣದೊಳಗೆ ಬಿಟ್ಟು, ಯಾವ ತಿರುವಿನಲ್ಲಿ ಯಾವ ಪಕ್ಕಕ್ಕೆ ಇರಬೇಕೆಂದು ನಡೆದು ಗಟ್ಟಿ ಮಾಡಿಕೊಳ್ಳಲು ಸಮಯ ಕೊಟ್ಟರು. ಕಂಬಿ ಬಿದ್ದರೆ 5 ತಪ್ಪಂಕ, ತಡೆಯ ಮುಂದೆ ಹಿಂಜರಿದರೆ ಮತ್ತೆ 5, ಮೂರು ಸಲ ಹಿಂಜರಿದರೆ ಅಥವಾ ಕ್ರಮ ತಪ್ಪಿದರೆ ಹೊರಗೆ ಎಂಬ ಅಂತರರಾಷ್ಟ್ರೀಯ ಲೆಕ್ಕವನ್ನೇ ಅನುಸರಿಸಿದರು. ಚಿಕ್ಕಿ ಒಂದು ಕಂಬಿ ಬೀಳಿಸಿದಳು, ಉಳಿದದ್ದೆಲ್ಲ ಸ್ವಚ್ಛವಾಗಿ ಓಡಿದಳು. ಕೊನೆಯ ಸುರಂಗದಿಂದ ಹೊರಬಂದಾಗ ಅವಳ ಕಿವಿ ನಿಮಿರಿದ್ದ ಬಗೆಯನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಬೀದಿಯ ನಾಯಿಗೆ ಇದೆಲ್ಲ ಏಕೆ ಎಂದು ಕೇಳುವವರು ಇದ್ದಾರೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ, ಮುಖ್ಯ ಕಾರ್ಯಕ್ರಮಗಳ ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲೆಂದು ಕುದುರೆಗಳ ಜಿಗಿತದ ಮಾದರಿಯಲ್ಲಿ ಮಾಡಿ ತೋರಿಸಿದ ಆಟ ಇದು. ನಾಯಿಯ ರೂಪವನ್ನಾಗಲಿ ವಂಶವನ್ನಾಗಲಿ ಅಳೆಯಲು ಹುಟ್ಟಿದ್ದಲ್ಲ. 1996ರಿಂದ ನಡೆಯುತ್ತಿರುವ ಎಫ್‌ಸಿಐ ವಿಶ್ವ ಚಾಂಪಿಯನ್‌ಷಿಪ್‌ಗೆ ವಂಶಾವಳಿ ಪತ್ರ ಬೇಕೆಂಬುದು ನಿಜ, ಆದರೆ ಹಲವು ದೇಶಗಳಲ್ಲಿ ಮಿಶ್ರ ತಳಿಯ ನಾಯಿಗಳು ಸ್ಪರ್ಧೆಗಳಲ್ಲಿ ಓಡುತ್ತಿವೆ. ನಮ್ಮ ನಾಟಿ ನಾಯಿಗಳ ಹಗುರ ಮೈ, ಚುರುಕು ತಿರುವು, ಬಿಸಿಲು ತಾಳುವ ಗುಣ ಈ ಆಟಕ್ಕೆ ಹೇಳಿಮಾಡಿಸಿದಂತಿವೆ. ಈ ಮೈದಾನದಲ್ಲಿ ಜಾತಿ ನಾಯಿ, ಬೀದಿ ನಾಯಿ ಎಂಬ ಭೇದವನ್ನು ನಾನು ಒಮ್ಮೆಯೂ ಕಾಣಲಿಲ್ಲ.

ತಿಂಗಳ ಶುಲ್ಕ ಒಳ್ಳೆಯ ನಾಯಿ ಆಹಾರದ ದೊಡ್ಡ ಚೀಲದ ಬೆಲೆಗಿಂತ ಕಡಿಮೆಯೇ. ತಂಡ ಮಾತ್ರ ದೊಡ್ಡದಾಯಿತು. ಒಬ್ಬ ತರಬೇತಿದಾರರು ಅಷ್ಟು ನಾಯಿಗಳನ್ನು ನೋಡಿಕೊಳ್ಳುವಾಗ ಸರದಿಗಾಗಿ ಕಾಯುವುದೇ ಹೆಚ್ಚಾಗುತ್ತದೆ, ಬೇರೆ ನಾಯಿಗಳನ್ನು ಕಂಡರೆ ರೇಗುವ ಸ್ವಭಾವದ ನಾಯಿಗೆ ಅದು ಕಷ್ಟ. ಚಿತ್ರದುರ್ಗ, ಹರಿಹರಗಳಿಂದ ಬರುವವರೂ ಇರುವುದರಿಂದ ತಂಡವನ್ನು ಎರಡಾಗಿ ಒಡೆಯುವುದು ಈಗ ಅಗತ್ಯವೇ ಆಗಿದೆ. ಮೊದಲ ಬಾರಿಗೆ ಕಲಿಯುವವರು, ನಾಯಿಯೊಡನೆ ಬೆರೆತು ಆಡಬೇಕೆನ್ನುವವರು ಹಿಂದೆಮುಂದೆ ನೋಡದೆ ಸೇರಬಹುದು. ದೊಡ್ಡ ಸ್ಪರ್ಧೆಗಳ ಮೇಲೆ ಕಣ್ಣಿಟ್ಟವರಿಗೆ ವೀವ್ ಪೋಲ್ ಮತ್ತು ಸೀಸಾದ ಅಭ್ಯಾಸಕ್ಕೆ ಬೇರೆ ಏರ್ಪಾಟು ಬೇಕಾಗುತ್ತದೆ.

ನನ್ನ ಆಕ್ಷೇಪಗಳನ್ನು ತರಬೇತಿದಾರರ ಮುಂದೆಯೇ ಹೇಳಿದ್ದೇನೆ. ಕೋಲುಗಳ ಸಾಲನ್ನು ಸರಿಯಾದ ಅಂತರಕ್ಕೆ ಮತ್ತೆ ಮಾಡಿಸಲು ಒಪ್ಪಿದ್ದಾರೆ, ಹಳದಿ ಬಣ್ಣದ ಮಾತಿಗೂ ತಲೆಯಾಡಿಸಿದ್ದಾರೆ. ಸೀಸಾ ಬದಲಾಗುವವರೆಗೆ ಚಿಕ್ಕಿಯನ್ನು ಅದರ ಮೇಲೆ ಹತ್ತಿಸುವುದಿಲ್ಲ ಎಂದದ್ದಕ್ಕೆ ಅವರ ಆಕ್ಷೇಪವಿಲ್ಲ. ಹೊಸ ತಂಡ ದೀಪಾವಳಿಯ ನಂತರ ಶುರುವಾಗುತ್ತದೆ. ಹೋಗುವವರು ಲಸಿಕೆಯ ಪತ್ರ, ಕುತ್ತಿಗೆಗೆ ಬಿಗಿಯದ ಹಾರ್ನೆಸ್, ಜಾರದ ಅಡಿಯಿರುವ ಬೂಟು ಇವನ್ನು ಮರೆಯದಿರಲಿ. ಓಟದ ಮೊದಲು ನಾಯಿಯ ಹೊಟ್ಟೆ ತುಂಬಿಸಬೇಡಿ, ಹಿಂದಿನ ರಾತ್ರಿಯ ಊಟವೇ ಸಾಕು.